ಸುಸ್ತಿನ ದೂರೆಲ್ಲ ಬಿಪಿ ಮಾತ್ರೆಯ ಮೇಲೆ

ಇವರನ್ನು ಜಯಮ್ಮ ಅಂತ ಕರೆಯೋಣ. ಗುರುತು ಸಿಗಬಾರದು ಅಂತ ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು 49. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ನಾನು ತಾಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ನಲ್ಲಿ, ಅಂದರೆ ಬಿಪಿ, ಶುಗರ್ ನೋಡುವ ವಿಭಾಗದಲ್ಲಿ, ಆಪ್ತಸಲಹೆಗಾರ್ತಿ. ಡಾಕ್ಟರ್ ಬರೆದು ಕಳಿಸಿದ್ದ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: ಬಿಪಿ ಮಾತ್ರೆ ತಾವೇ ನಿಲ್ಲಿಸಿದ್ದಾರೆ, ಮಾತಾಡಿ ನೋಡಿ.

ಅವರನ್ನು ಕರೆತಂದವನು ಮಗ. ಗೂಡ್ಸ್ ಆಟೋ ಓಡಿಸುತ್ತಾನೆ. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿ ದಿನಾ ಟಿವಿಯಲ್ಲಿ ಬರುತ್ತಿತ್ತಲ್ಲ, ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದ್ದರಲ್ಲ, ಆಗಿನ ಮಾತು. ಅಮ್ಮ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾರೆ, ಮುಖ ಊದಿದೆ, ಹೊತ್ತು ಹೊತ್ತಿಗೂ ಸುಸ್ತು ಅನ್ನುತ್ತಾರೆ. ಅವನಿಗೆ ಹೆದರಿಕೆ ಆಗದೆ ಇನ್ನೇನು?

ಅವತ್ತು ಬಿಪಿ 168/106 ಇತ್ತು. ನಾಡಿ ನಿಮಿಷಕ್ಕೆ 58. ಇಸಿಜಿಯಲ್ಲಿ ಹೃದಯಾಘಾತದ ಗುರುತು ಇರಲಿಲ್ಲ. ಥೈರಾಯ್ಡ್ ಕಡಿಮೆ ಇದೆ ಅಂತ ಆರೇಳು ವರ್ಷದಿಂದ ಮಾತ್ರೆ ನುಂಗುತ್ತಿದ್ದರೂ ಥೈರಾಯ್ಡ್ ನೋಡುವ ರಕ್ತಪರೀಕ್ಷೆ ಟಿಎಸ್‌ಎಚ್ 18 ಬಂದಿತ್ತು. ಅದು ಸಾಮಾನ್ಯವಾಗಿ 4ರ ಆಸುಪಾಸಿನ ಒಳಗಿರಬೇಕು. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ಈ ಸಂಖ್ಯೆ ಏರುತ್ತದೆ, ಜಾಸ್ತಿಯಾದರೆ ಇಳಿಯುತ್ತದೆ. ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 172. ಥೈರಾಯ್ಡ್ ಮಾತ್ರೆ 50 ಮೈಕ್ರೋಗ್ರಾಂನಿಂದ 75ಕ್ಕೆ, ಅಲ್ಲಿಂದ 100ಕ್ಕೆ ಏರಿತ್ತು. ಆದರೂ ಟಿಎಸ್‌ಎಚ್ ಇಳಿದಿರಲಿಲ್ಲ.

ಯಾಕೆ ಬಿಪಿ ಮಾತ್ರೆ ಬಿಟ್ರಿ ಅಂತ ನಾನು ಮೊದಲೇ ಕೇಳಲಿಲ್ಲ. ಹಾಗೆ ಕೇಳಿದರೆ ಜನ ತಪ್ಪು ಮಾಡಿದವರಂತೆ ಕೂತುಬಿಡುತ್ತಾರೆ. "ಅಕ್ಕಾ, ಬೆಳಿಗ್ಗೆ ಎದ್ದಾಗಿಂದ ಏನೇನು ಮಾಡ್ತೀರಿ, ಒಂದೊಂದೇ ಹೇಳಿ" ಅಂದೆ.

"ನಾಲ್ಕೂವರೆಗೆ ಏಳ್ತೀನಿ ಮೇಡಂ. ಒಲೆ ಹಚ್ಚಿ ಕಾಫಿಗೆ ಇಡ್ತೀನಿ. ಕಾಫಿ ಜೊತೇಲೇ ಮಾತ್ರೆ ಎಲ್ಲ ನುಂಗಿಬಿಡ್ತೀನಿ. ಆಮೇಲೆ ನೆನಪಿರಲ್ಲ ನೋಡಿ."

"ಎಲ್ಲ ಅಂದ್ರೆ ಯಾವ್ಯಾವುದು?"

ಬ್ಯಾಗಿನಿಂದ ಒಂದು ಹಳೇ ಹಾರ್ಲಿಕ್ಸ್ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟರು. ಥೈರಾಯ್ಡ್ ಮಾತ್ರೆಗಳನ್ನು ಬಾಟಲಿಯಿಂದ ತೆಗೆದು ಅದರೊಳಗೆ ಸುರಿದಿದ್ದರು. ಜೊತೆಗೆ ಕಾಲುನೋವಿಗೆ ಅಂತ ಕೊಟ್ಟ ಕ್ಯಾಲ್ಸಿಯಂ ಸ್ಟ್ರಿಪ್, ಕಬ್ಬಿಣಾಂಶದ ಕೆಂಪು ಮಾತ್ರೆ, ಅರ್ಧಕ್ಕೆ ಬಿಟ್ಟ ಬಿಪಿ ಮಾತ್ರೆ ಆಮ್ಲೋಡಿಪಿನ್. ಡಬ್ಬಿ ಇಡುವ ಜಾಗ ಒಲೆ ಮೇಲಿನ ಹಲಗೆ.

ಥೈರಾಯ್ಡ್ ಮಾತ್ರೆ, ಅಂದರೆ ಥೈರಾಕ್ಸಿನ್, ಬಹಳ ನಾಜೂಕು. ಅದಕ್ಕೆ ಖಾಲಿ ಹೊಟ್ಟೆ ಬೇಕು, ಬರೀ ನೀರು ಬೇಕು. ಕಾಫಿ ಜೊತೆ ಹೋದರೆ ಕರುಳು ಅದನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣ ಸೇರಿದರಂತೂ ಅವು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಒಲೆಯ ಬಿಸಿ, ಹಬೆ ಕೂಡ ಮಾತ್ರೆಯ ಶಕ್ತಿ ಕಡಿಮೆ ಮಾಡುತ್ತವೆ. ಜಯಮ್ಮ ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗುತ್ತಿದ್ದರು. ಆದರೆ ಮೈಗೆ ಹತ್ತುತ್ತಿದ್ದದ್ದು ಸ್ವಲ್ಪವೇ.

ಬಿಪಿ ಮಾತ್ರೆಯ ವಿಷಯ ಆಮೇಲೆ ತಾನಾಗೇ ಬಂತು. ಮನೆಗೆ ಬಂದ ಆಶಾ ಕಾರ್ಯಕರ್ತೆ ಬಿಪಿ ಜಾಸ್ತಿ ಇದೆ ಅಂತ ಹೇಳಿ ಆಸ್ಪತ್ರೆಗೆ ಕಳಿಸಿದ್ದರು. ಮಾತ್ರೆ ಶುರುವಾಯಿತು. ಅದೇ ತಿಂಗಳುಗಳಲ್ಲಿ ಸುಸ್ತೂ ಜಾಸ್ತಿಯಾಯಿತು. "ಅದನ್ನ ನುಂಗಿದ್ಮೇಲೇ ಮೇಡಂ ನನಗೆ ಹೀಗಾಗಿದ್ದು. ನಮ್ಮಮ್ಮನೂ ಅಷ್ಟೇ, ಬಿಪಿ ಮಾತ್ರೆ ಶುರು ಮಾಡಿ ವರ್ಷಕ್ಕೇ ಲಕ್ವ ಹೊಡೆದು ಹೋದ್ರು." ಇಷ್ಟು ಹೇಳಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಈ ಮಾತಿಗೆ ಅವಸರದಲ್ಲಿ ಉತ್ತರ ಕೊಡಬಾರದು. ತಾಯಿಯ ಬಗ್ಗೆ ಕೇಳಿದೆ. ತಲೆಸುತ್ತು ಬಂದಾಗ ಮಾತ್ರ ಮಾತ್ರೆ ತೆಗೆದುಕೊಳ್ಳುತ್ತಿದ್ದರಂತೆ, ಹುಷಾರಾದರೆ ಬಿಡುತ್ತಿದ್ದರಂತೆ. "ಅಕ್ಕಾ, ನಿಮ್ಮಮ್ಮನಿಗೆ ಮಾತ್ರೆಯಿಂದ ಲಕ್ವ ಆಗಿಲ್ಲ. ಬಿಪಿ ತುಂಬಾ ದಿನದಿಂದ ಏರಿದ್ದಿರಬೇಕು, ಮಾತ್ರೆ ತಡವಾಗಿ ಬಂತು, ಅದೂ ಬಿಟ್ಟು ಬಿಟ್ಟು. ಬಿಪಿ ಏರಿದ್ದು ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ" ಅಂದೆ. ಅವರು ಸುಮಾರು ಹೊತ್ತು ಮಾತಾಡಲಿಲ್ಲ. ಒಪ್ಪಿದರು ಅಂತಲ್ಲ, ಯೋಚನೆ ಶುರುವಾಯಿತು ಅಷ್ಟೇ. ನನಗೆ ಅಷ್ಟು ಸಾಕಿತ್ತು.

ಬಿಪಿಗೂ ಥೈರಾಯ್ಡಿಗೂ ಏನು ಸಂಬಂಧ ಅಂತ ಕೇಳಿದವನು ಮಗ. ಅವನ ಆಟೋದಿಂದಲೇ ಹೇಳಿದೆ. ಬಿಪಿ ಜಾಸ್ತಿ ಅಂದರೆ ತುಂಬಾ ಲೋಡ್ ಹಾಕಿಕೊಂಡು ಘಾಟಿ ಹತ್ತಿದ ಹಾಗೆ. ಥೈರಾಯ್ಡ್ ಅನ್ನುವುದು ಆಕ್ಸಿಲರೇಟರ್. ಅದು ಕಡಿಮೆಯಾದರೆ ಲೋಡ್ ಗಾಡಿ ಎಳೆಯಲಾರದೆ ಏದುತ್ತದೆ, ಜಾಸ್ತಿಯಾದರೆ ಎಂಜಿನ್ ಸುಮ್ನೆ ಕಿರುಚಾಡಿ ಸವೆಯುತ್ತದೆ. ಎರಡರಲ್ಲೂ ಪೆಟ್ಟು ಬೀಳುವುದು ಎಂಜಿನ್ನಿಗೇ, ಅಂದರೆ ಹೃದಯಕ್ಕೆ.

ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಾಗ ಹೃದಯದ ಬಡಿತ ನಿಧಾನವಾಗುತ್ತದೆ, ರಕ್ತನಾಳಗಳು ಬಿಗಿಯಾಗುತ್ತವೆ. ಅದಕ್ಕೇ ಇಂಥವರಲ್ಲಿ ಬಿಪಿಯ ಕೆಳಗಿನ ಸಂಖ್ಯೆ ಏರುವುದು ಹೆಚ್ಚು. ಜಯಮ್ಮನ 106 ನೆನಪಿಸಿಕೊಳ್ಳಿ. ಪಿತ್ತಜನಕಾಂಗ ಕೊಲೆಸ್ಟ್ರಾಲನ್ನು ರಕ್ತದಿಂದ ತೆಗೆಯುವ ಕೆಲಸವೂ ನಿಧಾನವಾಗುತ್ತದೆ. ಹಾಗಾಗಿ ಎಲ್‌ಡಿಎಲ್ ಏರುತ್ತದೆ, ಅದು ರಕ್ತನಾಳದ ಗೋಡೆಗೆ ಸೇರುತ್ತದೆ. ಥೈರಾಯ್ಡ್ ಜಾಸ್ತಿಯಾದಾಗ ಇದರ ಉಲ್ಟಾ. ಎದೆ ಡವಡವ ಅನ್ನುತ್ತದೆ, ಮೇಲಿನ ಸಂಖ್ಯೆ ಏರುತ್ತದೆ, ಕೆಲವರಿಗೆ ಬಡಿತದ ತಾಳವೇ ತಪ್ಪುತ್ತದೆ. ತಾಳ ತಪ್ಪಿದ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ. ಇದೆಲ್ಲದರ ಜೊತೆಗೆ ಬಿಪಿ ವರ್ಷಗಟ್ಟಲೆ ಏರಿದ್ದರೆ ಹೃದಯದ ಎಡಭಾಗದ ಗೋಡೆ ದಪ್ಪವಾಗುತ್ತಾ ಹೋಗುತ್ತದೆ. ಆಮೇಲೆ ಜಿಲ್ಲಾ ಆಸ್ಪತ್ರೆಯಲ್ಲಿ ಮಾಡಿಸಿದ ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ಜಯಮ್ಮನಿಗೂ ಅದು ಶುರುವಾಗಿರುವುದು ಕಂಡಿತು. ಬಿಪಿ ಹಿಡಿತಕ್ಕೆ ಬಂದರೆ ಈ ದಪ್ಪ ಸ್ವಲ್ಪ ಇಳಿಯುವುದೂ ಉಂಟು, ಇದನ್ನೂ ಹೇಳಿದೆ.

ಅವರ ಸುಸ್ತಿಗೆ ದೊಡ್ಡ ಕಾರಣ ಮೈಗೆ ಹತ್ತದ ಥೈರಾಯ್ಡ್ ಮಾತ್ರೆ. ಬೈಗುಳ ಬಿದ್ದದ್ದು ಬಿಪಿ ಮಾತ್ರೆಗೆ. ಡಾಕ್ಟರಿಗೆ ಕಾಫಿ, ಕ್ಯಾಲ್ಸಿಯಂ ವಿಷಯ ತಿಳಿಸಿದೆ. ಡೋಸ್ ಮುಟ್ಟುವುದು ಬೇಡ, ಮೊದಲು ಸರಿಯಾಗಿ ತೆಗೆದುಕೊಳ್ಳಲಿ, ಆರು ವಾರಕ್ಕೆ ಟಿಎಸ್‌ಎಚ್ ನೋಡೋಣ, ಕೊಲೆಸ್ಟ್ರಾಲ್ ಮಾತ್ರೆಯ ಬಗ್ಗೆಯೂ ಆಗಲೇ ಯೋಚಿಸೋಣ ಅಂದರು. ಆಮ್ಲೋಡಿಪಿನ್ 5 ಮಿಲಿಗ್ರಾಂ ಅವತ್ತೇ ಮತ್ತೆ ಶುರುವಾಯಿತು.

ವೇಳಾಪಟ್ಟಿ ಮಾಡಲು ಕೂತಾಗ ಕಾಫಿಯದ್ದೇ ಜಗಳ. "ಕಾಫಿ ಇಲ್ದೆ ನನಗೆ ಕೈಕಾಲು ಆಡಲ್ಲ." ಬಿಡಿ ಅಂತ ನಾನು ಹೇಳಲೇ ಇಲ್ಲ. ಏಳುತ್ತಲೇ ಹಾಸಿಗೆ ಪಕ್ಕದಲ್ಲಿಟ್ಟ ನೀರಿನ ಜೊತೆ ಥೈರಾಯ್ಡ್ ಮಾತ್ರೆ. ಅಂಗಳ ಗುಡಿಸಿ, ರಂಗೋಲಿ ಹಾಕಿ, ಸ್ನಾನ ಮುಗಿಸಿ, ಹಾಲು ತರುವಷ್ಟರಲ್ಲಿ ಐದೂವರೆ. ಆಗ ಕಾಫಿ. ತಿಂಡಿ ಆದ ಮೇಲೆ ಬಿಪಿ ಮಾತ್ರೆ. ಕಬ್ಬಿಣದ್ದು ಮಧ್ಯಾಹ್ನ, ಕ್ಯಾಲ್ಸಿಯಂ ರಾತ್ರಿ ಊಟದ ನಂತರ. ಈ ಎರಡೂ ಥೈರಾಯ್ಡ್ ಮಾತ್ರೆಯಿಂದ ಕಡೇಪಕ್ಷ ನಾಲ್ಕು ಗಂಟೆ ದೂರ ಇರಬೇಕು. ಹೊಸ ಬಾಟಲಿ ತಂದಾಗ ಮಾತ್ರೆ ಅದರಲ್ಲೇ ಇರಲಿ, ಮುಚ್ಚಳ ಬಿಗಿ ಇರಲಿ, ಬೀರುವಿನಲ್ಲಿಡಿ ಅಂದೆ.

ಉಪ್ಪಿನ ಮಾತು ಅವರಿಗೆ ಕಷ್ಟವಾಯಿತು. ಅಡುಗೆಯವರಿಗೆ ಉಪ್ಪು ಕಡಿಮೆ ಹಾಕಿ ಅಂದರೆ ಬೇಜಾರಾಗುತ್ತದೆ, ಅದು ಸಹಜ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಗ್ರಾಂ ಲೆಕ್ಕ ಯಾರ ಮನೆಯಲ್ಲಿದೆ? ಪ್ಯಾಕೆಟ್ ಲೆಕ್ಕ ಹಾಕಿದೆವು. ಮೂರು ಜನರ ಮನೆಗೆ ತಿಂಗಳಿಗೆ ಅರ್ಧ ಕೆಜಿಗಿಂತ ಕಡಿಮೆ ಸಾಕು. ಅವರ ಮನೆಯಲ್ಲಿ ಒಂದು ಕೆಜಿ ಪ್ಯಾಕೆಟ್ ತಿಂಗಳು ಪೂರ್ತಿ ಬರುತ್ತಿರಲಿಲ್ಲ. ಅದರ ಮೇಲೆ ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರ. ಅನ್ನಕ್ಕೆ, ಮಜ್ಜಿಗೆಗೆ ಉಪ್ಪು ಹಾಕುವುದನ್ನು ಮೊದಲು ನಿಲ್ಲಿಸಲು ಒಪ್ಪಿಕೊಂಡರು. ಗುಲಾಬಿ ಬಣ್ಣದ ಉಪ್ಪು ಒಳ್ಳೇದಂತೆ ಅಂತ ಮಗ ಕೇಳಿದ. ಅದರಲ್ಲೂ ಇರುವುದು ಸೋಡಿಯಮ್ಮೇ, ಬಿಪಿಗೆ ಏನೂ ಉಪಕಾರವಿಲ್ಲ. ಅಯೋಡಿನ್ ಹಾಕಿದ ಉಪ್ಪನ್ನೇ ಕಡಿಮೆ ಬಳಸಿ ಅಂದೆ. ಥೈರಾಯ್ಡಿಗೆ ಆಗಲ್ಲ ಅಂತ ಎಲೆಕೋಸು ಪೂರ್ತಿ ಬಿಟ್ಟಿದ್ದರು. ಬೇಯಿಸಿ ಹಿತಮಿತವಾಗಿ ತಿಂದರೆ ತೊಂದರೆ ಇಲ್ಲ.

ಒಂದು ತಿಂಗಳಾದ ಮೇಲೆ ಫೋನ್ ಬಂತು. "ಮೇಡಂ, ಈಗ ಎದೆ ಡವಡವ ಅಂತಿದೆ, ಕೈ ನಡುಗುತ್ತೆ, ನಿದ್ದೆ ಇಲ್ಲ. ಬಿಪಿ ಮಾತ್ರೆ ಬಿಡ್ಲಾ?" ಬಿಡಬೇಡಿ, ಇವತ್ತೇ ಬನ್ನಿ ಅಂದೆ. ನಾಡಿ 104. ಇಸಿಜಿಯಲ್ಲಿ ತಾಳ ಸರಿಯಿತ್ತು. ಟಿಎಸ್‌ಎಚ್ 0.1ಕ್ಕೆ ಇಳಿದಿತ್ತು. ಮೈಗೆ ಹತ್ತದ ಕಾಲದಲ್ಲಿ ಏರಿಸಿದ್ದ 100 ಮೈಕ್ರೋಗ್ರಾಂ ಈಗ ಪೂರ್ತಿ ಹತ್ತಿ ಜಾಸ್ತಿಯಾಗಿತ್ತು. ಡಾಕ್ಟರ್ 75ಕ್ಕೆ ಇಳಿಸಿದರು. ಕಾಫಿ ಜೊತೆ ನುಂಗುತ್ತಿದ್ದವರು ಇದನ್ನು ಓದಿ ನಾಳೆಯಿಂದಲೇ ಕ್ರಮ ಬದಲಿಸಿದರೆ ಡಾಕ್ಟರಿಗೆ ತಿಳಿಸಿಯೇ ಬದಲಿಸಿ, ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ಮಾಡಿಸಿ. ತೂಕ ಇಳಿಯಲಿ ಅಂತ ಥೈರಾಯ್ಡ್ ಮಾತ್ರೆ ಒಂದು ಜಾಸ್ತಿ ನುಂಗುವವರೂ ಇದ್ದಾರೆ. ದಯವಿಟ್ಟು ಬೇಡ, ಅದು ನೇರ ಹೃದಯದ ಮೇಲೆ ಹೋಗುತ್ತದೆ.

ಎದೆಯಲ್ಲಿ ಹಿಂಡಿದಂಥ ನೋವು, ಅದು ಎಡಗೈಗೋ ದವಡೆಗೋ ಹರಿಯುವುದು, ತಣ್ಣನೆ ಬೆವರು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಬಲ ಇಲ್ಲದಾಗುವುದು. ಇವಕ್ಕೆ ಮಾತ್ರ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಕಾಯಬೇಡಿ, 108ಕ್ಕೆ ಕರೆ ಮಾಡಿ ಅಂತ ಮಗನಿಗೆ ಎರಡು ಸಲ ಹೇಳಿ ಬರೆದೂ ಕೊಟ್ಟೆ.

ಈಗ ಜಯಮ್ಮನ ಬಿಪಿ 132/84ರ ಹತ್ತಿರ ಇರುತ್ತದೆ. ಟಿಎಸ್‌ಎಚ್ 2.6. ಎಲ್‌ಡಿಎಲ್ 128ಕ್ಕೆ ಇಳಿದಿದೆ. ಕೊಲೆಸ್ಟ್ರಾಲ್ ಮಾತ್ರೆಯನ್ನು ಡಾಕ್ಟರ್ ಸದ್ಯಕ್ಕೆ ಮುಂದೂಡಿದ್ದಾರೆ. ಶಾಲೆಯ ಸಾಂಬಾರಿನ ಪಾತ್ರೆ ಇಳಿಸುವಾಗ ಏದುಸಿರು ಬರುವುದಿಲ್ಲವಂತೆ.

ಕಳೆದ ಸಲ ಬಂದಾಗ ಸುಮ್ನೆ ಒಂದ್ಸಲ ನೋಡೋಣ ಅಂತ ಮಗನ ಬಿಪಿಯನ್ನೂ ನೋಡಿದೆ. ಐದು ನಿಮಿಷ ಕೂರಿಸಿ, ಕಾಲು ನೆಲಕ್ಕೆ ಊರಿಸಿ, ಎರಡು ಸಲ ನೋಡಿದರೂ 148/94. ಅವನಿಗೆ 27 ವರ್ಷ. ಇನ್ನೊಂದು ದಿನ ಮತ್ತೆ ನೋಡಿಯೇ ತೀರ್ಮಾನಿಸಬೇಕು. ಬಾಡಿಗೆ ಜಾಸ್ತಿ ಇದೆ ಮೇಡಂ, ಬರ್ತೀನಿ ಅಂದ, ಇನ್ನೂ ಬಂದಿಲ್ಲ. ಆಶಾ ಕಾರ್ಯಕರ್ತೆಗೆ ಹೇಳಿಟ್ಟಿದ್ದೇನೆ, ಈ ವಾರ ಅವರ ಮನೆಗೆ ಹೋಗುತ್ತಾರೆ.