ಡ್ರೈಯರ್ ಹಿಡಿದರೂ ಕೂದಲು ನೇರ ನಿಲ್ಲದಿದ್ದರೆ

ಪ್ರಶ್ನೆ: ನನ್ನದು ಭುಜದಿಂದ ಕೆಳಗಿಳಿಯುವ, ಅಲೆಅಲೆಯಾದ ದಪ್ಪ ಕೂದಲು. ತಲೆಸ್ನಾನ ಮಾಡಿ ಬಂದ ಕೂಡಲೇ ಡ್ರೈಯರ್ ಹಿಡಿದು ಮುಕ್ಕಾಲು ಗಂಟೆ ಬಾಚುತ್ತೇನೆ. ಆದರೂ ಪಾರ್ಲರ್‌ನಲ್ಲಿ ಆಗುವಷ್ಟು ನೇರವಾಗುವುದಿಲ್ಲ. ಮೇಲೆಲ್ಲ ಕೆದರಿಕೊಳ್ಳುತ್ತದೆ, ಎರಡು ಗಂಟೆ ಕಳೆಯುವಷ್ಟರಲ್ಲಿ ಅಲೆ ವಾಪಸ್ಸು ಬರುತ್ತದೆ. ತಪ್ಪು ಎಲ್ಲಿ?

ಉತ್ತರ: ತಪ್ಪು ಎರಡು ಕಡೆ ಇರುವ ಹಾಗಿದೆ. ನೀವು ಶುರು ಮಾಡುವಾಗ ಕೂದಲು ತೀರಾ ಒದ್ದೆ, ಕೈಬಿಡುವಾಗ ಇನ್ನೂ ಹಸಿ.

ಕೂದಲು ಕೆರಟಿನ್ ಎಂಬ ಪ್ರೋಟೀನಿನದು. ಅದರ ಎಳೆಗಳನ್ನು ಒಂದಕ್ಕೊಂದು ಹಿಡಿದಿಟ್ಟ ಹೈಡ್ರೋಜನ್ ಬಂಧಗಳು ನೀರು ತಾಗಿದರೆ ಬಿಡುತ್ತವೆ, ಒಣಗುವಾಗ ಮತ್ತೆ ಕೂಡಿಕೊಳ್ಳುತ್ತವೆ. ನೀರು ಆರುವ ಕೊನೆಯ ಹಂತದಲ್ಲಿ ಕೂದಲು ಯಾವ ಆಕಾರದಲ್ಲಿ ಇರುತ್ತದೋ ಅದೇ ಆಕಾರ ನಿಲ್ಲುತ್ತದೆ. ಅಂದರೆ ನಿಮ್ಮ ಮುಕ್ಕಾಲು ಗಂಟೆಯಲ್ಲಿ ಮೊದಲ ಭಾಗವೆಲ್ಲ ಕೈನೋವಷ್ಟೇ, ಕೆಲಸ ಆಗುವುದು ಕೊನೆಯಲ್ಲಿ. ಇನ್ನೊಂದು ಮಾತು: ಒದ್ದೆ ಕೂದಲು ಹೆಚ್ಚು ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ. ಆ ಸ್ಥಿತಿಯಲ್ಲಿ ಬ್ರಷ್ ಹಾಕಿ ಎಳೆದರೆ ತುಂಡಾದ ಗಿಡ್ಡ ಕೂದಲುಗಳೇ ನೆತ್ತಿಯ ಮೇಲೆ ಎದ್ದು ನಿಲ್ಲುತ್ತವೆ. ನೀವು ಹೇಳುವ ಕೆದರಿಕೆಯಲ್ಲಿ ಅವುಗಳ ಪಾಲೂ ಇರಬಹುದು.

ಆದ್ದರಿಂದ ಮೊದಲು ಟವೆಲ್‌ನಿಂದ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ. ಶಾಖದಿಂದ ಕಾಪಾಡುವ ಹೀಟ್ ಪ್ರೊಟೆಕ್ಟಂಟ್ ಕ್ರೀಮ್ ಆದರೆ ಕಡಲೆಕಾಳಿನ ಎರಡು ಪಟ್ಟು ಸಾಕು. ಅದನ್ನು ಅಂಗೈಗೆ ಸವರಿಕೊಂಡು ಕಿವಿಯ ಮಟ್ಟದಿಂದ ಕೆಳಗೆ ಹಚ್ಚಿ, ಮತ್ತೊಮ್ಮೆ ಬಾಚಿ. ಒಂದೇ ಕಡೆ ಮೆತ್ತಿಕೊಂಡರೆ ಅಲ್ಲಿ ಜಿಡ್ಡು, ಉಳಿದ ಕಡೆ ರಕ್ಷಣೆಯೇ ಇಲ್ಲ. ಇದರ ಬದಲು ತಲೆಗೆ ಹಚ್ಚುವ ಎಣ್ಣೆ ಬೇಡ. ಕೂದಲು ಭಾರವಾಗಿ ಬ್ರಷ್‌ನಿಂದ ಜಾರುತ್ತದೆ, ಬಿಗಿ ಸಿಗುವುದಿಲ್ಲ.

ಈಗ ಡ್ರೈಯರ್. ಮುಂದಿನ ಚಪ್ಪಟೆ ನಳಿಕೆ ತೆಗೆದಿಟ್ಟು, ಮಧ್ಯಮ ಶಾಖದಲ್ಲಿ, ಬೆರಳಾಡಿಸುತ್ತ ಬುಡದಿಂದ ಒಣಗಿಸಿ. ಬ್ರಷ್ ಇನ್ನೂ ಮುಟ್ಟಬೇಡಿ. ನಾಲ್ಕರಲ್ಲಿ ಮೂರು ಪಾಲು ಒಣಗಬೇಕು: ಮುಷ್ಟಿಯಲ್ಲಿ ಹಿಂಡಿದರೆ ಅಂಗೈ ಒದ್ದೆಯಾಗಬಾರದು, ಆದರೆ ಕೂದಲು ಮುಟ್ಟಿದರೆ ತಣ್ಣಗಿರಬೇಕು. ಹಣೆಯ ಅಂಚಿನ ಸಣ್ಣ ಕೂದಲು ಎಲ್ಲಕ್ಕಿಂತ ಬೇಗ ಒಣಗಿ ತನ್ನದೇ ಸುರುಳಿ ಹಿಡಿದುಬಿಡುತ್ತದೆ. ಹಾಗಾಗಿ ಅದನ್ನು ಮಾತ್ರ ಮೊದಲೇ ಬ್ರಷ್ ಹಾಕಿ ಮುಗಿಸಿ. ಒಣಗಿಹೋಗಿದ್ದರೆ ನೀರು ಸಿಂಪಡಿಸಿ ಮತ್ತೆ ಮಾಡಿ. ಒಣಗಿದ ಕೂದಲನ್ನು ಎಷ್ಟು ಬಾಚಿದರೂ ಡ್ರೈಯರ್‌ಗೆ ಅದು ಮಣಿಯುವುದಿಲ್ಲ.

ಬಳಿಕ ನಳಿಕೆ ಹಾಕಿ, ಕೂದಲನ್ನು ನಾಲ್ಕು ಭಾಗ ಮಾಡಿ ಕ್ಲಿಪ್ ಹಾಕಿ, ಕುತ್ತಿಗೆಯ ಬಳಿಯಿಂದ ಶುರು ಮಾಡಿ. ಮೇಲಿನದನ್ನು ಮೊದಲು ಮಾಡಿದರೆ ಕೆಳಗಿನ ಹಸಿ ತಾಗಿ ಕೆಡುತ್ತದೆ. ಒಂದು ಸಲಕ್ಕೆ ಹಿಡಿಯುವ ಎಳೆ ಬ್ರಷ್‌ನ ಅಗಲ ಮೀರಬಾರದು, ದಪ್ಪ ಎರಡು ಸೆಂಟಿಮೀಟರಿನಷ್ಟು. ದಪ್ಪ ಕೂದಲಿನವರು ಅವಸರಪಡುವುದು ಇಲ್ಲೇ: ಹಿಡಿ ತುಂಬ ತೆಗೆದುಕೊಂಡರೆ ಹೊರಗಿನದು ಸುಡುತ್ತದೆ, ಒಳಗಿನದು ಹಸಿಯಾಗೇ ಉಳಿಯುತ್ತದೆ. ಪೂರ್ತಿ ನೇರ ಬೇಕಿದ್ದರೆ ಅಗಲವಾದ ಪ್ಯಾಡಲ್ ಬ್ರಷ್. ತುದಿ ಸ್ವಲ್ಪ ಒಳಗೆ ಬಾಗಬೇಕೆಂದರೆ ದೊಡ್ಡ ರೌಂಡ್ ಬ್ರಷ್. ಬ್ರಷ್ ಎಳೆಯ ಕೆಳಗೆ, ನಳಿಕೆ ಮೇಲೆ, ಗಾಳಿ ಸದಾ ಬುಡದಿಂದ ತುದಿಯ ಕಡೆಗೆ. ಕೂದಲಿನ ಹೊರಪದರದ ಸಣ್ಣ ಸಣ್ಣ ಹೊದಿಕೆಗಳು ಹೆಂಚು ಹೊದಿಸಿದ ಹಾಗೆ ತುದಿಯತ್ತ ಮುಖಮಾಡಿ ಮಲಗಿರುತ್ತವೆ. ಗಾಳಿ ಎದುರಿನಿಂದ ಬಂದರೆ ಅವು ಏಳುತ್ತವೆ, ಹೊಳಪು ಹೋಗುತ್ತದೆ. ಕೆದರುವುದಕ್ಕೆ ಇದು ದೊಡ್ಡ ಕಾರಣ.

ಬುಡದಲ್ಲಿ ಬ್ರಷ್ ಕಚ್ಚಿಸಿ, ಬಿಗಿ ಬಿಡದೆ ನಿಧಾನ ಕೆಳಗೆ ಎಳೆಯಿರಿ, ನಳಿಕೆ ಹಿಂಬಾಲಿಸಲಿ. ನೋಯುವಷ್ಟು ಎಳೆಯಬೇಡಿ. ಒಂದು ಎಳೆಗೆ ಮೂರು ನಾಲ್ಕು ಸಲ ಬೇಕಾಗಬಹುದು. ಕೊನೆಯ ಸಲ ಬ್ರಷ್ ತೆಗೆಯುವ ಮೊದಲು ತಣ್ಣನೆ ಗಾಳಿಯ ಬಟನ್ ಒತ್ತಿ ಹತ್ತು ಸೆಕೆಂಡು ಹಿಡಿಯಿರಿ. ಇದನ್ನು ಬಿಡಲೇಬೇಡಿ. ಬಿಸಿ ಕೂದಲು ಹಸಿಯಿದ್ದರೂ ಒಣಗಿದಂತೆ ಅನ್ನಿಸುತ್ತದೆ. ಆರಿದ ಮೇಲೇ ನಿಜ ಗೊತ್ತಾಗುವುದು. ತಣ್ಣಗಾದ ಎಳೆ ಒಳಗೆ ತೇವ ಅನ್ನಿಸಿದರೆ ಇನ್ನೊಂದು ಸಲ ಎಳೆಯಿರಿ. ಎರಡು ಗಂಟೆಯಲ್ಲಿ ಬರುವ ನಿಮ್ಮ ಅಲೆಗೆ ಮೂಲ ಈ ಉಳಿದ ತೇವ.

ಪ್ರಶ್ನೆ: ಡ್ರೈಯರ್ ಎಷ್ಟು ದೂರ ಹಿಡಿಯಬೇಕು? ತಾನಾಗಿ ಒಣಗಲು ಬಿಡುವುದೇ ಕ್ಷೇಮವಲ್ಲವೇ?

ಉತ್ತರ: ದೂರ ಕಡಿಮೆಯಾದಂತೆ ಶಾಖ ಹೇಗೆ ಏರುತ್ತದೆಂದು 2011ರಲ್ಲಿ ಪ್ರಕಟವಾದ ಕೊರಿಯಾದ ಒಂದು ಅಧ್ಯಯನ ಅಳೆದಿದೆ: 15 ಸೆಂಟಿಮೀಟರಿನಲ್ಲಿ ಕೂದಲಿನ ಬಿಸಿ 47 ಡಿಗ್ರಿ ಸೆಲ್ಸಿಯಸ್, 10ರಲ್ಲಿ 61, 5ರಲ್ಲಿ 95. ಹೊರಪದರಕ್ಕೆ ಹೆಚ್ಚು ಪೆಟ್ಟಾದದ್ದು ಹತ್ತಿರ ಹಿಡಿದಾಗ. ಆದರೆ ಗಂಟೆಗಟ್ಟಲೆ ಒದ್ದೆಯಾಗಿಯೇ ಒಣಗಿದ ಕೂದಲಿನ ಒಳಗಿನ ಜೀವಕೋಶಗಳ ನಡುವಿನ ಬೆಸುಗೆಗೂ ಹಾನಿಯಾಗಿತ್ತು. 15 ಸೆಂಟಿಮೀಟರ್ ದೂರದಿಂದ, ಡ್ರೈಯರ್ ಆಡಿಸುತ್ತ ಒಣಗಿಸುವುದು ಅದಕ್ಕಿಂತ ಮೇಲು ಎಂಬುದು ಅವರ ತೀರ್ಮಾನ. ಬೆರಳಲ್ಲಿ ಒಣಗಿಸುವಾಗ ಆ ದೂರ ಇಟ್ಟುಕೊಳ್ಳಿ. ಬ್ರಷ್ ಹಾಕುವಾಗ ಹತ್ತಿರ ಬರಲೇಬೇಕು, ಆಗಲೂ ಶಾಖ ಮಧ್ಯಮದಲ್ಲೇ ಇಟ್ಟು, ನಳಿಕೆಯನ್ನು ಕೂದಲಿಗೆ ಒತ್ತದೆ, ಒಂದೇ ಕಡೆ ನಿಲ್ಲಿಸದೆ ಸಾಗಿಸಿ.

ಪ್ರಶ್ನೆ: ಆಮೇಲೂ ಉಳಿದ ಅಲೆಗೆ ಸ್ಟ್ರೇಟ್ನರ್ ಎಳೆಯಬಹುದೇ? ಎಳೆದಾಗ ಚುಯ್ ಎಂದು ಸದ್ದು ಬರುತ್ತದೆ.

ಉತ್ತರ: ಆ ಸದ್ದು ಬಂದ ತಕ್ಷಣ ನಿಲ್ಲಿಸಿ. ಕೂದಲಿನಲ್ಲಿ ಉಳಿದ ನೀರು ಕುದಿದು ಆವಿಯಾಗುವ ಸದ್ದು ಅದು. ಆವಿ ಒಳಗೇ ಗುಳ್ಳೆ ಎಬ್ಬಿಸುತ್ತದೆ, ಕೂದಲು ಅಲ್ಲೇ ಮುರಿಯುತ್ತದೆ, ಆ ಗುಳ್ಳೆ ವಾಸಿಯಾಗುವುದಿಲ್ಲ. ಪೂರ್ತಿ ಒಣಗಿದ ಕೂದಲಿಗೆ, ಒಂದು ಎಳೆಗೆ ಒಂದೇ ಸಲ ಎಳೆದರೆ ಸಾಕು.

ಪ್ರಶ್ನೆ: ಡ್ರೈಯರ್ ನಡುವೆ ತಾನೇ ನಿಂತುಹೋಗುತ್ತದೆ, ಸುಟ್ಟ ವಾಸನೆಯೂ ಬರುತ್ತದೆ.

ಉತ್ತರ: ಬಹುಪಾಲು ಹಿಂದಿನ ಜಾಲರಿಯಲ್ಲಿ ಕೂದಲು, ಧೂಳು ಕಟ್ಟಿಕೊಂಡಿರುತ್ತದೆ. ಗಾಳಿ ಒಳಗೆ ಹೋಗದೆ ಕಾಯಿಲ್ ಅತಿಯಾಗಿ ಕಾದು, ಒಳಗಿನ ಥರ್ಮೋಸ್ಟಾಟ್ ಅದನ್ನು ನಿಲ್ಲಿಸುತ್ತದೆ. ಪ್ಲಗ್ ತೆಗೆದು, ತಣ್ಣಗಾದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಜಾಲರಿ ಶುಚಿ ಮಾಡಿ. ಆಮೇಲೂ ವಾಸನೆ ಬಂದರೆ ಅಥವಾ ವೈರ್ ಬಿಸಿಯಾದರೆ ಆ ಡ್ರೈಯರ್ ಮತ್ತೆ ಹಾಕಬೇಡಿ.