‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಡಿಸ್ಕ್‌ಗಳಲ್ಲಿ ಯಾವುದನ್ನು ಕೊಳ್ಳಬೇಕು?

ಅಗ್ಗದ ಡಿವಿಡಿಯಲ್ಲೂ ದುಬಾರಿ ಬ್ಲೂ-ರೇಯಲ್ಲೂ ಇರುವುದು ಒಂದೇ ಸಿನಿಮಾ ತಾನೇ ಎಂದು ಕೇಳಿದ್ದೀರಿ. ಕಥೆ ಒಂದೇ, ಕಣ್ಣಿಗೆ ಕಾಣುವುದು ಒಂದೇ ಅಲ್ಲ. ಹಳೆಯ ಚಿತ್ರಗಳನ್ನು ಚೊಕ್ಕವಾಗಿ ಡಿಸ್ಕ್‌ನಲ್ಲಿ ತರುವ ಅಮೆರಿಕದ ಕ್ರೈಟೀರಿಯನ್ ಸಂಸ್ಥೆಯದ್ದನ್ನೇ ಕೊಳ್ಳಿ. ಆದರೆ ಅದು ನಿಮ್ಮ ಪ್ಲೇಯರ್‌ನಲ್ಲಿ ಓಡುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ಜಾರ್ಜ್ ರೊಮೆರೊ ಪಿಟ್ಸ್‌ಬರ್ಗ್ ಆಸುಪಾಸಿನಲ್ಲಿ ಸುಮಾರು 1,14,000 ಡಾಲರ್ ಖರ್ಚಿನಲ್ಲಿ ತೆಗೆದ, ಸತ್ತವರು ಎದ್ದು ಬರುವ ಕಪ್ಪು-ಬಿಳುಪು ಭಯಾನಕ ಚಿತ್ರ ಇದು. ರಕ್ತವೆಂದು ತೋರಿಸಿದ್ದು ಬಾಸ್ಕೊ ಚಾಕೊಲೇಟ್ ಸಿರಪ್. ಮೊದಲಿಗೆ ಇದರ ಹೆಸರು ‘ನೈಟ್ ಆಫ್ ದಿ ಫ್ಲೆಶ್ ಈಟರ್ಸ್’. 1968ರಲ್ಲಿ ವಿತರಕರಾದ ವಾಲ್ಟರ್ ರೀಡ್ ಸಂಸ್ಥೆಯವರು ಹೆಸರು ಬದಲಿಸಿ ಹೊಸ ಟೈಟಲ್ ಕಾರ್ಡ್ ಹಾಕಿದಾಗ, ಹಳೆಯ ಕಾರ್ಡ್‌ನಲ್ಲಿದ್ದ ಕಾಪಿರೈಟ್ ಸಾಲು ಬಿಟ್ಟುಹೋಯಿತು. ಅಂದಿನ ಅಮೆರಿಕದ ಕಾನೂನಿನ ಪ್ರಕಾರ ಆ ಸಾಲಿಲ್ಲದೆ ಬಿಡುಗಡೆಯಾದರೆ ಹಕ್ಕು ಹೋದಂತೆಯೇ. ಹಾಗಾಗಿ ಯಾರು ಬೇಕಾದರೂ ಕೈಗೆ ಸಿಕ್ಕ ಪ್ರಿಂಟ್‌ನಿಂದ (ಥಿಯೇಟರ್‌ಗೆ ಕಳಿಸುವ ಫಿಲ್ಮ್ ಪ್ರತಿಯಿಂದ) ಕ್ಯಾಸೆಟ್, ಡಿವಿಡಿ ಮಾಡಿ ಮಾರಿದರು.

ತೊಂದರೆಯೆಲ್ಲ ಆ ಪ್ರಿಂಟ್‌ಗಳದ್ದು. ಪ್ರಿಂಟ್‌ನಿಂದ ಪ್ರಿಂಟ್ ತೆಗೆದಂತೆಲ್ಲ ಕಾಂಟ್ರಾಸ್ಟ್ ಏರುತ್ತದೆ, ನಡುವಿನ ಬೂದು ಛಾಯೆಗಳು ಸಾಯುತ್ತವೆ. ಮನೆಯ ಹೊರಗೆ ಕತ್ತಲಲ್ಲಿ ಸುಳಿದಾಡುವ ಶವಗಳು ಕಾಣಬೇಕಾದ ಕಡೆ ಬರೀ ಕಪ್ಪು, ಬೆಳಕು ಬಿದ್ದ ಮುಖಗಳು ಸುಣ್ಣ ಬಳಿದಂತೆ. ಇದನ್ನೇ ಕಡಿಮೆ ಬಜೆಟ್‌ನ ಸೊಗಸು ಎಂದು ಹೊಗಳುವವರಿದ್ದಾರೆ. ನನಗಂತೂ ಒಪ್ಪಿಗೆಯಿಲ್ಲ: ಚಿತ್ರೀಕರಣ ಆಗಿದ್ದು 35 ಎಂಎಂನಲ್ಲಿ, ಮೂಲ ನೆಗೆಟಿವ್ (ಕ್ಯಾಮೆರಾದೊಳಗೆ ಓಡಿದ ಫಿಲ್ಮ್) ಉಳಿದಿದೆ, ಆ ಛಾಯೆಗಳೆಲ್ಲ ಅದರಲ್ಲಿವೆ. ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮತ್ತು ಹಳೆಯ ಚಿತ್ರಗಳನ್ನು ಉಳಿಸುವ ಫಿಲ್ಮ್ ಫೌಂಡೇಶನ್ ಸೇರಿ ಅದರಿಂದಲೇ 4ಕೆ (ಬ್ಲೂ-ರೇಗಿಂತ ಹೆಚ್ಚು ವಿವರದ) ಪುನರುಜ್ಜೀವನ ಮಾಡಿದವು. ಕ್ರೈಟೀರಿಯನ್‌ನ 2018ರ ಬ್ಲೂ-ರೇ, 2022ರ 4ಕೆ ಡಿಸ್ಕ್ ಎರಡಕ್ಕೂ ಅದೇ ಆಧಾರ.

ಬೇರೆ ಡಿಸ್ಕ್ ಕಣ್ಣಿಗೆ ಬಿದ್ದರೆ ಕವರ್‌ನ ಹಿಂಬದಿ ಓದಿ. ‘ಡಿಜಿಟಲಿ ರೀಮಾಸ್ಟರ್ಡ್’ ಎಂಬ ಮಾತಿಗೆ ಬೆಲೆಯಿಲ್ಲ, ಯಾವ ನೆಗೆಟಿವ್ ಅಥವಾ ಪ್ರಿಂಟ್‌ನಿಂದ ಎಂದು ಬರೆದಿದ್ದರೆ ಮಾತ್ರ ಲೆಕ್ಕ. ಚಿತ್ರ 1.37:1 ಅನುಪಾತದ್ದು, ಟಿವಿಯ ಎರಡೂ ಬದಿಗೆ ಕಪ್ಪು ಪಟ್ಟಿ ಬರಲೇಬೇಕು. ಪರದೆ ತುಂಬಿದ್ದರೆ ಮೇಲೆ ಕೆಳಗೆ ಕತ್ತರಿಸಿದ್ದಾರೆ, ಇಲ್ಲವೇ ಅಡ್ಡಕ್ಕೆ ಹಿಗ್ಗಿಸಿದ್ದಾರೆ. ಮೂಲ ಧ್ವನಿ ಮೊನೊ, ಒಂದೇ ಚಾನೆಲ್‌ನದ್ದು. 5.1 (ಸುತ್ತಲಿನ ಸ್ಪೀಕರ್‌ಗಳಿಗೆ ಹಂಚಿದ ಧ್ವನಿ) ಎಂದಿದ್ದರೆ ಅದು ಆಮೇಲೆ ಸೃಷ್ಟಿಸಿದ್ದು. ಅವಧಿ 96 ನಿಮಿಷ. ಪಾಲ್ (ಯುರೋಪ್, ಭಾರತದ ಟಿವಿ ಪದ್ಧತಿ) ಡಿವಿಡಿಯಲ್ಲಿ 92 ಎಂದು ಕಂಡರೆ ದೃಶ್ಯ ಕತ್ತರಿಸಿದ್ದಾರೆಂದು ಹೆದರಬೇಡಿ, ಸೆಕೆಂಡಿಗೆ 24 ಫ್ರೇಮ್‌ಗಳದ್ದನ್ನು 25ರಂತೆ ಓಡಿಸುವುದರಿಂದ ಹಾಗಾಗುತ್ತದೆ. 1999ರ ‘30ನೇ ವಾರ್ಷಿಕೋತ್ಸವ’ ಆವೃತ್ತಿಯನ್ನು ಮಾತ್ರ ಮುಟ್ಟಬೇಡಿ. ಹೊಸದಾಗಿ ಚಿತ್ರಿಸಿದ ದೃಶ್ಯಗಳನ್ನು ತುರುಕಿ, ಹಳೆಯವನ್ನು ಕಿತ್ತು, ಸಂಗೀತವನ್ನೂ ಬದಲಿಸಿದ್ದಾರೆ. ಬಣ್ಣ ಹಚ್ಚಿದ ಆವೃತ್ತಿಗಳು ಒಮ್ಮೆ ನಗಲಿಕ್ಕೆ ಸಾಕು.

ಒಂದು ಎಚ್ಚರಿಕೆ: ಕೊನೆಯ ಕ್ರೆಡಿಟ್‌ಗಳ ಹಿಂದೆ ಬರುವ ಸ್ಥಿರಚಿತ್ರಗಳು ಪತ್ರಿಕೆಯ ಫೋಟೊಗಳಂತೆ ಒರಟಾಗಿವೆ. ಅದು ಬೇಕೆಂದೇ ಮಾಡಿದ್ದು, ಡಿಸ್ಕ್ ಕೆಟ್ಟಿದೆ ಎಂದು ವಾಪಸ್ ಕಳಿಸಬೇಡಿ.

ಇನ್ನು ರೀಜನ್, ಅಂದರೆ ಒಂದು ಪ್ರದೇಶದ ಡಿಸ್ಕ್ ಇನ್ನೊಂದು ಪ್ರದೇಶದ ಪ್ಲೇಯರ್‌ನಲ್ಲಿ ಓಡದಂತೆ ಹಾಕುವ ಬೀಗದ ವಿಷಯ, ಹೆಚ್ಚಿನವರು ಎಡವುವುದು ಇಲ್ಲೇ. ಕ್ರೈಟೀರಿಯನ್‌ನ ಅಮೆರಿಕದ ಬ್ಲೂ-ರೇ ರೀಜನ್ ಎ, ಭಾರತ ರೀಜನ್ ಸಿ. ಇಲ್ಲಿ ಕೊಂಡ ಪ್ಲೇಯರ್ ಅಥವಾ ಗೇಮ್ ಕನ್ಸೋಲ್ ಸಾಮಾನ್ಯವಾಗಿ ಅದನ್ನು ಓಡಿಸುವುದಿಲ್ಲ. 4ಕೆ ಡಿಸ್ಕ್‌ಗಳಿಗೆ ರೀಜನ್ ಬೀಗವಿಲ್ಲ, ಹಾಗಾಗಿ 4ಕೆ ಪ್ಲೇಯರ್ ಇದ್ದರೆ ಆ ಪ್ಯಾಕ್ ತರಿಸಿದರೆ ಸಿನಿಮಾ ನೋಡಬಹುದು. ‘ನೈಟ್ ಆಫ್ ಅನುಬಿಸ್’ ಎಂಬ ವರ್ಕ್‌ಪ್ರಿಂಟ್‌ನಂಥ (ಸಂಕಲನದ ಹಂತದ ಕಚ್ಚಾ ಪ್ರತಿ) ಹೆಚ್ಚುವರಿ ಸಾಮಗ್ರಿ ಜೊತೆಗಿರುವ ಬ್ಲೂ-ರೇಗಳಲ್ಲಿದೆ, ಅದಕ್ಕೆ ಮತ್ತೆ ರೀಜನ್ ಎ ಪ್ಲೇಯರೇ ಬೇಕು. ಮನೆಯಲ್ಲಿ ಬರೀ ಡಿವಿಡಿ ಪ್ಲೇಯರ್ ಇದೆಯೆಂದರೆ ಎಲೀಟ್ ಎಂಟರ್ಟೈನ್ಮೆಂಟ್‌ನ 2002ರ ಮಿಲೆನಿಯಂ ಎಡಿಶನ್ ಅನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ.