ದಾರಿ ತಪ್ಪಿದ್ದು ನಾಯಿಯೇ?

ಮಾನ್ಯರೇ, ಕಳೆದ ಭಾನುವಾರ ನಮ್ಮೂರಿನಲ್ಲಿ ನಡೆದ ನಾಯಿಗಳ ಅಡೆತಡೆ ಓಟದಲ್ಲಿ ನನ್ನ ಮಗನ ನಾಯಿ ಸರದಿ ತಪ್ಪಿ ಬೇರೊಂದು ಸುರಂಗ ಹೊಕ್ಕು ಅನರ್ಹವಾಯಿತು. ಆರು ತಿಂಗಳ ಶ್ರಮ ನೀರುಪಾಲಾಯಿತು. ಆದರೂ ಮಗ ಅದನ್ನು ತಬ್ಬಿಕೊಂಡು ಮುದ್ದಾಡಿದ, ಗೆದ್ದವರಿಗೆ ಚಪ್ಪಾಳೆ ಬೇರೆ ತಟ್ಟಿದ. ಎರಡೇಟು ಬಿದ್ದರೆ ತಾನೇ ಪ್ರಾಣಿ ಕಲಿಯುವುದು? ಸೋತು ನಗುವವನು ಮುಂದೆ ಗೆಲ್ಲುವುದುಂಟೇ?
— ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಸಂಪಾದಕರ ಉತ್ತರ:

ಯಜಮಾನರೇ, ನಿಮ್ಮ ಪತ್ರದಲ್ಲಿ ನನಗೆ ಬಹಳ ಹಿಡಿಸಿದವನು ನಿಮ್ಮ ಮಗ. ಮೊದಲು ಅವನಿಗೆ ನನ್ನ ಅಭಿನಂದನೆ ತಿಳಿಸಿ.

ನಿಮ್ಮ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಶಿಸ್ತು ಬೇಕು. ಕರೆದರೆ ಬಾರದ ನಾಯಿಯನ್ನು ಮೈದಾನಕ್ಕೆ ಬಿಟ್ಟರೆ ಅದು ಮತ್ತೊಂದು ನಾಯಿಯ ಮೇಲೆರಗಬಹುದು, ಮಕ್ಕಳನ್ನು ಕೆಡವಬಹುದು. ಅಷ್ಟರಮಟ್ಟಿಗೆ ನೀವು ಹೇಳುವುದು ಸರಿ.

ಆದರೆ ಈ ಆಟ ಹೇಗೆ ನಡೆಯುತ್ತದೆಂಬುದನ್ನು ಒಮ್ಮೆ ನೋಡಿ. ಇದು ಹುಟ್ಟಿದ್ದು 1978ರಲ್ಲಿ, ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ. ಎರಡು ಕಾರ್ಯಕ್ರಮಗಳ ನಡುವಿನ ಬಿಡುವಿನಲ್ಲಿ ಜನರನ್ನು ರಂಜಿಸಲೆಂದು ಕುದುರೆಗಳ ಜಿಗಿತದ ಸ್ಪರ್ಧೆಯ ಮಾದರಿಯಲ್ಲಿ ಇದನ್ನು ರೂಪಿಸಿದರು. ಕುದುರೆಯ ಬೆನ್ನ ಮೇಲೆ ಸವಾರನಿರುತ್ತಾನೆ, ಕೈಯಲ್ಲಿ ಲಗಾಮಿರುತ್ತದೆ. ಇಲ್ಲಿ ಹಗ್ಗವಿಲ್ಲ, ನಾಯಿಯನ್ನು ಮುಟ್ಟುವಂತಿಲ್ಲ, ಕೈಯಲ್ಲಿ ತಿನಿಸು ಹಿಡಿಯುವಂತಿಲ್ಲ. ಓಡಿಸುವವರಿಗೆ ಉಳಿಯುವುದು ದನಿ ಮತ್ತು ಮೈ. ಸ್ಪರ್ಧೆಗೆ ಮುಂಚೆ ಮೈದಾನದಲ್ಲಿ ನಡೆದು ದಾರಿ ಗುರುತು ಮಾಡಿಕೊಳ್ಳುವ ಅವಕಾಶವೂ ಮನುಷ್ಯನಿಗೆ ಮಾತ್ರ. ನಾಯಿಗೆ ಮುಂದಿನ ತಡೆ ಯಾವುದೆಂದು ತಿಳಿಯುವುದು ಜೊತೆಗೆ ಓಡುವವರ ಭುಜ, ಪಾದ ತಿರುಗಿದ ದಿಕ್ಕಿನಿಂದ.

ಇದು ನನಗೆ ಅರ್ಥವಾದದ್ದು ನಮ್ಮ ಬೀದಿಯ ಕೊನೆಯ ಖಾಲಿ ನಿವೇಶನದಲ್ಲಿ. ಕಾಲೇಜು ಹುಡುಗಿಯೊಬ್ಬಳು ಕೊಳವೆಬಾವಿಯ ಹಳೆಯ ಪಿವಿಸಿ ಪೈಪು ಕತ್ತರಿಸಿ ಹನ್ನೆರಡು ಕೋಲು ನೆಟ್ಟು, ಬೀದಿಯಲ್ಲಿ ಸಿಕ್ಕ ನಾಟಿ ನಾಯಿಯೊಂದಕ್ಕೆ ಅವುಗಳ ನಡುವೆ ಹಾವಿನಂತೆ ನುಸುಳುವುದನ್ನು ಕಲಿಸುತ್ತಿದ್ದಳು. ಒಂದು ಸಂಜೆ ನನ್ನನ್ನೂ ಅದರ ಜೊತೆ ಓಡಿಸಿದಳು. ಆರನೆಯ ಕೋಲಿನ ಹತ್ತಿರ ನಾಯಿ ಥಟ್ಟನೆ ಸಾಲು ಬಿಟ್ಟು ನನ್ನ ಕಾಲ ಬಳಿ ಬಂದು ನಿಂತಿತು. ಇದಕ್ಕೆ ಗಮನವೇ ಇಲ್ಲವಲ್ಲಮ್ಮ ಎಂದೆ. “ನೀವೇ ಕರೆದಿರಿ ಸರ್, ನಿಮ್ಮ ಎಡ ಭುಜ ನೋಡಿಕೊಳ್ಳಿ” ಎಂದಳು. ನೋಡಿದೆ. ಕೋಲುಗಳ ಸಾಲಿಗೆ ಬೆನ್ನು ಹಾಕುವಷ್ಟು ತಿರುಗಿಬಿಟ್ಟಿದ್ದೆ.

ನಿಮ್ಮ ಮಗನ ನಾಯಿ ಯಾವ ಸುರಂಗ ಹೊಕ್ಕಿತೋ, ಆ ಗಳಿಗೆಯಲ್ಲಿ ಅವನ ಪಾದ ಬಹುಮಟ್ಟಿಗೆ ಆ ಕಡೆಗೇ ತಿರುಗಿದ್ದಿರಬೇಕು. ಅವನಿಗೆ ಅದು ಗೊತ್ತಿದೆ. ತನ್ನ ತಪ್ಪಿಗೆ ನಾಯಿಯನ್ನು ದಂಡಿಸಲಿಲ್ಲ. ಇದನ್ನು ಮೆತ್ತಗಿನ ಸ್ವಭಾವ ಎಂದು ನೀವು ಕರೆದರೆ ನಾನು ಒಪ್ಪಲಾರೆ, ಇದು ನ್ಯಾಯ.

ಏಟಿನ ಫಲವನ್ನೂ ನೋಡಿದ್ದೇನೆ. ಕೆಲವು ವರ್ಷಗಳ ಹಿಂದೆ ಚಿತ್ರದುರ್ಗದ ಮೈದಾನವೊಂದರಲ್ಲಿ ಲ್ಯಾಬ್ರಡಾರ್ ನಾಯಿಯೊಂದು ಎತ್ತರದ ಹಲಗೆಯಿಂದ ಇಳಿಯುವಾಗ ತುದಿಯ ಬಣ್ಣದ ಪಟ್ಟಿ ಮುಟ್ಟದೆ ಹಾರಿತು. ಮೇಲಿನಿಂದ ಜಿಗಿದು ಕಾಲು ಮುರಿದುಕೊಳ್ಳದಿರಲಿ ಎಂದೇ ಆ ಪಟ್ಟಿ ಇರುವುದು. ಯಜಮಾನ ಅದರ ಕುತ್ತಿಗೆಯ ಚರ್ಮ ಹಿಡಿದು ಅಲುಗಾಡಿಸಿಬಿಟ್ಟ. ಎರಡನೆಯ ಸುತ್ತಿನಲ್ಲಿ ಆ ನಾಯಿ ಬಾಲ ಮುದುರಿ, ಹೊಟ್ಟೆ ನೆಲಕ್ಕೆ ತಾಗುವಂತೆ ತೆವಳಿ ಹಲಗೆ ಹತ್ತಿತು. ನಡುವೆ ನಿಂತು ಅವನ ಕಡೆ ನೋಡಿತು. ಮುಖ ನೋಡಲಿಲ್ಲ, ಕೈ ನೋಡಿತು. ಮುಂದಿನ ಸರದಿಯಲ್ಲಿ ಓಡಬೇಕಿದ್ದ ಹೆಣ್ಣುಮಗಳು ಆಮೇಲೆ ತನ್ನ ನಾಯಿಯ ನೀರಿನ ಬಟ್ಟಲನ್ನು ತಂದು ಅದರ ಮುಂದಿಟ್ಟಳು. ಅವತ್ತು ಯಾರು ಗೆದ್ದರೆಂಬುದು ನನಗೆ ನೆನಪಿಲ್ಲ.

ದೊಡ್ಡ ಅಂಗಳದಲ್ಲೂ ಇದು ನಡೆದಿದೆ. 2021ರ ಟೋಕಿಯೊ ಒಲಿಂಪಿಕ್ಸ್‌ನ ಆಧುನಿಕ ಪೆಂಟಾಥ್ಲಾನ್‌ನಲ್ಲಿ, ಅಂದರೆ ಕುದುರೆ ಸವಾರಿಯೂ ಸೇರಿದ್ದ ಐದು ಆಟಗಳ ಸ್ಪರ್ಧೆಯಲ್ಲಿ, ಮುಂಚೂಣಿಯಲ್ಲಿದ್ದ ಜರ್ಮನಿಯ ಸ್ಪರ್ಧಿಗೆ ಸಿಕ್ಕಿದ್ದು ಗುರುತು ಪರಿಚಯವಿಲ್ಲದ ಕುದುರೆ. ಅದು ಬೆದರಿ ಜಿಗಿಯಲೊಲ್ಲೆ ಎಂದಾಗ ತರಬೇತುದಾರ್ತಿ ಹೊಡೆ ಎಂದು ಕೂಗಿ, ತಾನೂ ಮುಷ್ಟಿಯಿಂದ ಗುದ್ದಿದರು. ಕುದುರೆ ಸುತ್ತು ಮುಗಿಸಲಿಲ್ಲ, ಪದಕ ಬರಲಿಲ್ಲ, ತರಬೇತುದಾರ್ತಿಯನ್ನು ಕೂಟದಿಂದ ಹೊರಹಾಕಿದರು. ಪ್ಯಾರಿಸ್ ಒಲಿಂಪಿಕ್ಸ್ ಮುಗಿದ ಮೇಲೆ ಆ ಕ್ರೀಡೆಯಿಂದ ಕುದುರೆ ಸವಾರಿಯನ್ನೇ ಕೈಬಿಟ್ಟರು.

ನಮ್ಮ ಜಿಲ್ಲೆಯ ಪೊಲೀಸ್ ನಾಯಿ ತುಂಗಾಳನ್ನು ನೀವು ಮರೆತಿರಲಾರಿರಿ. 2020ರಲ್ಲಿ ಕೊಲೆಗಾರನ ಜಾಡು ಹಿಡಿದು ಸುಮಾರು 12 ಕಿಲೋಮೀಟರ್ ಓಡಿದಳು. ಯಾವ ಬೆತ್ತ ಒಂದು ನಾಯಿಯನ್ನು ಅಷ್ಟು ದೂರ ಓಡಿಸೀತು, ಹೇಳಿ.

ಇನ್ನು ಗೆದ್ದವರಿಗೆ ಚಪ್ಪಾಳೆ ತಟ್ಟಿದ ಮಾತು. ದುಗ್ಗಮ್ಮನ ಜಾತ್ರೆಯ ಕುಸ್ತಿಯನ್ನು ಚಿಕ್ಕಂದಿನಿಂದ ನೋಡಿದವನು ನಾನು. ಕೆಡವಿದವನೇ ಬಿದ್ದವನಿಗೆ ಕೈಕೊಟ್ಟು ಎಬ್ಬಿಸಿ ಬೆನ್ನಿನ ಮಣ್ಣು ಕೊಡವುತ್ತಿದ್ದ. ಬಿದ್ದವನೂ ನಗುತ್ತಲೇ ಎದ್ದು, ಮುಂದಿನ ಜಾತ್ರೆಗೆ ಮತ್ತೆ ಅಖಾಡಕ್ಕಿಳಿಯುತ್ತಿದ್ದ. ಈಗ ಹೈಸ್ಕೂಲ್ ಮೈದಾನದ ಬೇಲಿಯ ಪಕ್ಕ ನಿಲ್ಲಿ. ಹತ್ತು ವರ್ಷದ ಮಗು ಕ್ಯಾಚ್ ಬಿಟ್ಟರೆ ಅಪ್ಪಂದಿರು ಬಾಯಿಗೆ ಬಂದಂತೆ ಬೈಯುತ್ತಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಾಲ್ಕು ಅಂಕ ಕಡಿಮೆ ಬಂದ ಮಕ್ಕಳ ಮುಖ ನೋಡಲಾಗುವುದಿಲ್ಲ. ನಾಯಿಯ ಪಾಡೂ ಅದೇ. ಹಿಮದ ನಾಡಿನ ಹಸ್ಕಿಯನ್ನು ಸಾವಿರಾರು ರೂಪಾಯಿ ಕೊಟ್ಟು ತಂದು ಏಪ್ರಿಲ್ ಬಿಸಿಲಿನಲ್ಲಿ ತಾರಸಿಯ ಮೇಲೆ ಕಟ್ಟುತ್ತಾರೆ. ಬೆವರಿ ಮೈ ತಂಪು ಮಾಡಿಕೊಳ್ಳಲಾರದ ಆ ಜೀವ ನಾಲಿಗೆ ಚಾಚಿ ಏದುಸಿರು ಬಿಡುತ್ತಿದ್ದರೆ ಮನೆಯವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ. ದಾರಿಯಲ್ಲಿ ಅಂಥ ಮನೆ ಕಂಡರೆ ನನಗೆ ಸುಮ್ಮನೆ ಹೋಗಲಾಗುವುದಿಲ್ಲ, ಗೇಟು ತಟ್ಟಿ ಹೇಳಿಯೇ ಹೋಗುತ್ತೇನೆ.

ಬರುವ ಭಾನುವಾರ ಮಗ ಅಭ್ಯಾಸಕ್ಕೆ ಹೊರಟಾಗ ನೀವೂ ಜೊತೆಗೆ ಹೋಗಿ, ಯಜಮಾನರೇ. ಬೇಲಿಯ ಆಚೆ ನಿಲ್ಲಬೇಡಿ, ಬಿದ್ದ ಕೋಲುಗಳನ್ನು ಎತ್ತಿಡುವ ಕೆಲಸ ಕೇಳಿ ಪಡೆಯಿರಿ. ಅಲ್ಲಿಂದ ಮಗನ ಪಾದ ಚೆನ್ನಾಗಿ ಕಾಣುತ್ತದೆ. ಬೆಳಿಗ್ಗೆ ಬೇಗ ಹೊರಡಿ, ದೊಡ್ಡ ಬಟ್ಟಲಿನಲ್ಲಿ ನೀರು ಒಯ್ಯಿರಿ. ಎಂಟು ಗಂಟೆಗೆಲ್ಲ ಈಗ ನೆಲ ಕಾಯತೊಡಗಿದೆ.